ಹೊತ್ತು ಕೇಳುವುದನ್ನು ಬಿಟ್ಟ ಪೆಟ್ಟಿಗೆ

ನಾರನಕಟ್ಟೆಯ ಕೆರೆ ತೂಬಿನ ಮೇಲೆ ಕೂತಿದ್ದ ಕಾವಲು ಪೆಟ್ಟಿಗೆ ಎಚ್ಚರವಾದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಈಗ ಹೊತ್ತೆಷ್ಟು?

ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಕರೆಂಟು ಹೋಗಿ ಬಂದ ಕೂಡಲೆ ಅದರ ಹಣೆಯಲ್ಲಿ ಕೆಂಪು ದೀಪವೊಂದು ಮಿಣುಕುತ್ತಿತ್ತು. ನೀರುಗಂಟಿ ಮೂಡ್ಲಗಿರಿಯಪ್ಪ ಏರಿ ಹತ್ತಿ ಬಂದು, ಮೊದಲು ಸೂರ್ಯನನ್ನು ನೋಡಿ, ಆಮೇಲೆ ಮೊಬೈಲ್ ನೋಡಿ, ಎರಡೂ ಒಂದೇ ಮಾತು ಹೇಳಿದರೆ ಮಾತ್ರ ಗುಂಡಿ ಒತ್ತಿ ಅದಕ್ಕೆ ಹೊತ್ತು ತಿಳಿಸುತ್ತಿದ್ದ. ದೀಪ ಹಸಿರಾಗುತ್ತಿತ್ತು.

“ಎದ್ದೇಟಿಗೆ ಅದುಕ್ಕೆ ಏನೂ ಗ್ಯಾನ ಇರಲ್ಲ. ಎಳೇ ಕೂಸು ಇದ್ದಂಗೆ,” ಎನ್ನುತ್ತಿದ್ದ. ಅವನ ಮಾತಿನಲ್ಲಿ ದೂರು ಇರಲಿಲ್ಲ. ಕೇಳಿದವರಿಗೆ ದಾರಿ ಹೇಳುವುದು ಅವನಿಗೆ ಬೆಳಿಗ್ಗೆ ಎದ್ದು ಸೂರ್ಯನಿಗೆ ಕೈಮುಗಿಯುವಷ್ಟೇ ಸಹಜವಾದ ಕೆಲಸ.

ಅದು ಜಿಲ್ಲೆಯ ಕೆರೆಗಳಿಗೆಲ್ಲ ಕಾವಲು ಪೆಟ್ಟಿಗೆ ಬಂದ ಕಾಲ. ಗದ್ದೆಗಳಿಗೆ ನೀರು ತಿರುಗಿಸುವ ಒಂದೊಂದು ಮಡೆಯ ಬಾಯಲ್ಲೂ ಬೆರಳುದ್ದದ ಒಂದು ಸಾಧನ ಹೂತಿದ್ದರು. ಯಾವ ಮಡೆಯಲ್ಲಿ ಎಷ್ಟು ಹೊತ್ತಿಗೆ ನೀರು ಹರಿಯಿತು ಎಂಬುದನ್ನು ಪೆಟ್ಟಿಗೆ ಬರೆದುಕೊಳ್ಳಬೇಕು. ಬರೆದದ್ದನ್ನು ಉಳಿಸಿಕೊಳ್ಳಬಲ್ಲ ಪೆಟ್ಟಿಗೆಯ ಮಾತು ಸಾಕ್ಷಿಯಾಗಿ ನಿಲ್ಲುತ್ತದೆ, ಅದರ ಎದುರು ಮನುಷ್ಯನ ಮಾತು ನಿಲ್ಲುವುದಿಲ್ಲ ಎಂದು ಕಾನೂನೂ ಆಗಿತ್ತು. ಆದರೆ ನಾರನಕಟ್ಟೆಯದು ಅಗ್ಗದ ಪೆಟ್ಟಿಗೆ. ಕರೆಂಟು ಹೋದರೆ ಅಲ್ಲಿಯವರೆಗೆ ಬರೆದದ್ದೆಲ್ಲ ಅಳಿಸಿಹೋಗುತ್ತಿತ್ತು.

“ಮರೆಯೋ ಕಾವಲುಗಾರನ್ನ ಇಟ್ಕೊಂಡು ಏನು ಮಾಡೋದು? ಇದಕ್ಕೆ ನೆನಪು ಹಾಕಿಸಬೇಕು,” ಎಂದರು ಕೆರೆ ಸಂಘದ ಅಧ್ಯಕ್ಷರಾದ ಪರಮಶಿವಯ್ಯ ಮೇಷ್ಟ್ರು. ಆಷಾಢದ ಒಂದು ಬೆಳಿಗ್ಗೆ ಮೂಡ್ಲಗಿರಿಯಪ್ಪನೇ ಪೆಟ್ಟಿಗೆಯನ್ನು ಟವಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು, ಬಸ್ಸು ಹತ್ತಿ ತಾಲ್ಲೂಕು ಪೇಟೆಗೆ ಬಂದ.

ಪಂಪ್‌ಸೆಟ್ ರಿಪೇರಿ ಅಂಗಡಿಯ ಮಹಡಿಯಲ್ಲಿ ನಸೀಮಾಳ ಕೆಲಸದ ಕೋಣೆ. ಸುತ್ತಿನ ಹನ್ನೊಂದು ಕೆರೆಗಳ ಪೆಟ್ಟಿಗೆಗಳನ್ನು ನೋಡಿಕೊಳ್ಳುವ ಗುತ್ತಿಗೆ ಅವಳದು. ಬಿಚ್ಚಿದಾಗ ಒಳಗೆ ಇಸ್ಪೀಟು ಎಲೆಯಷ್ಟು ಅಗಲದ ಒಂದು ಬೋರ್ಡ್. ಅವಳು ಕೇಬಲ್ ಸಿಕ್ಕಿಸಿದಳು. ಲ್ಯಾಪ್‌ಟಾಪಿನ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಇರುವೆ ಸಾಲಿನಂತೆ ಹತ್ತತೊಡಗಿದವು.

ಪೆಟ್ಟಿಗೆಯನ್ನು ನಡೆಸಲು ಕಾರ್ಖಾನೆಯವರು ಕೊಟ್ಟ ಲಿನಕ್ಸ್ ತಂತ್ರಾಂಶ ಫ್ಲ್ಯಾಶ್ ಚಿಪ್ಪಿನ ಒಂದು ಭಾಗದಲ್ಲಿ ಬೀಗ ಹಾಕಿದಂತೆ ಕೂತಿತ್ತು. ಅದನ್ನು ಓದಬಹುದು, ತಿದ್ದುವಂತಿಲ್ಲ. ಚಿಪ್ಪಿನ ಉಳಿದರ್ಧ ಖಾಲಿ ಬಿದ್ದಿತ್ತು. ಪೆಟ್ಟಿಗೆ ಆ ಖಾಲಿ ಜಾಗವನ್ನು ಮುಟ್ಟದೆ, ತಾನು ಕಂಡದ್ದನ್ನೆಲ್ಲ ಕರೆಂಟಿರುವವರೆಗೆ ಮಾತ್ರ ಬದುಕುವ ತಾತ್ಕಾಲಿಕ ನೆನಪಿನಲ್ಲಿ ಬರೆಯುತ್ತಿತ್ತು. ನಸೀಮಾ ಖಾಲಿ ಭಾಗವನ್ನು ಒರೆಸಿ, ಅಲ್ಲೊಂದು ಫೈಲ್ ವ್ಯವಸ್ಥೆ ಕೂರಿಸಿ, ಅದನ್ನು ಮೂಲದ ಮೇಲೆ ತೆಳುವಾದ ಪದರದಂತೆ ಹಾಸಿದಳು. ಇನ್ನು ಪೆಟ್ಟಿಗೆ ಏನು ಬರೆದರೂ ಈ ಪದರದಲ್ಲಿ ನಿಲ್ಲುತ್ತದೆ.

“ಇದು ಸ್ಲೇಟಿನ ಹಾಗಲ್ಲ ತಾತ,” ಎಂದಳು. “ಒಂದಕ್ಷರ ತಿದ್ದಬೇಕಾದ್ರೂ ಇಡೀ ಪುಟ ಒರೆಸಬೇಕು. ಒಂದೇ ಪುಟ ಒರೆಸ್ತಾ ಇದ್ರೆ ಸವೆದುಹೋಗುತ್ತೆ. ಅದಕ್ಕೆ ಒಂದ್ಸಲ ಈ ಪುಟ, ಒಂದ್ಸಲ ಆ ಪುಟ, ಹಿಂಗೆ ಎಲ್ಲದಕ್ಕೂ ಸರದಿ ಇರುತ್ತೆ.”

“ಅಂಗಾರೆ ಇದ್ರೊಳ್ಗೂ ಒಬ್ಬ ನೀರುಗಂಟಿ ಅವ್ನೆ ಅನ್ನು.”

“ಅವನೆ. ಸಂಬಳ ಇಲ್ಲದೋನು.”

“ನಂಗೆಲ್ಲೈತೆ ತಾಯಿ ಸಂಬಳ. ಸುಗ್ಗೀಲಿ ಮನೆಗೊಂದು ಮೊರ ಬತ್ತ. ಅದ್ರಲ್ಲೂ ಮೇಷ್ಟ್ರ ಮನೆ ಮೊರ ಚಿಕ್ಕದು.”

ಇಬ್ಬರೂ ನಕ್ಕರು. ಅವಳು ಪರೀಕ್ಷೆಗೆಂದು ಕರೆಂಟಿನ ಪಿನ್ನು ಕಿತ್ತು ಮತ್ತೆ ಸಿಕ್ಕಿಸಿದಳು. ಬರೆದದ್ದೆಲ್ಲ ಹಾಗೇ ಉಳಿದಿತ್ತು. ಕೆಂಪು ದೀಪ ಮಾತ್ರ ಮಿಣುಕುತ್ತಿತ್ತು. ಕೈಗಡಿಯಾರದಲ್ಲಿರುವಂಥ ಪುಟ್ಟ ಬ್ಯಾಟರಿ ಕೂರಬೇಕಾದ ಗೂಡನ್ನು ಕಾರ್ಖಾನೆಯವರು ಖಾಲಿ ಬಿಟ್ಟಿದ್ದರು. ಹಾಗಾಗಿ ಮಲಗಿದ್ದಾಗ ಹೊತ್ತು ಎಣಿಸುವ ಶಕ್ತಿ ಆ ಬೋರ್ಡಿಗೆ ಇರಲಿಲ್ಲ. ಮುದುಕ ಪ್ರತಿ ಸಲ ಏರಿ ಹತ್ತಬೇಕಲ್ಲ ಎಂದು ನಸೀಮಾಳಿಗೆ ಮರುಕವಾಯಿತು. ಮೂರು ಸಾಲು ಬರೆದಳು: ಎಚ್ಚರವಾದಾಗ ಯಾರನ್ನೂ ಕೇಳಬೇಡ, ಕೊನೆಯ ಸಲ ಬರೆದಿಟ್ಟ ಹೊತ್ತಿನಿಂದಲೇ ಮುಂದುವರಿ. ಮತ್ತೆ ಪಿನ್ನು ಕಿತ್ತು ಸಿಕ್ಕಿಸಿದಳು. ದೀಪ ಹಸಿರಾಗಿಯೇ ಹತ್ತಿತು.

“ನೋಡಿ ತಾತ, ಇನ್ಮೇಲೆ ನಿಮ್ಮನ್ನ ಕಾಡಲ್ಲ.”

ಮೂಡ್ಲಗಿರಿಯಪ್ಪ ಹಸಿರು ದೀಪವನ್ನು ನೋಡುತ್ತ ನಿಂತ. “ಕಾಡ್ತಿರ್ಲಿಲ್ಲ. ಕೇಳ್ತಿತ್ತು, ಹೇಳ್ತಿದ್ದೆ,” ಎಂದ.

ಊರಿಗೆ ಮರಳಿ ಪೆಟ್ಟಿಗೆಯನ್ನು ತೂಬಿನ ಮೇಲೆ ಕೂರಿಸಿ ಅವನು ಕೊನೆಯ ಸಲ ಗುಂಡಿ ಒತ್ತಿ ಹೊತ್ತು ತಿಳಿಸಿದ ಮೇಲೆ, ಕರೆಂಟು ಹೋದರೂ ಒಂದೆರಡು ಕ್ಷಣಕ್ಕಷ್ಟೇ ಹೋಗುತ್ತಿತ್ತು. ದೀಪಾವಳಿ ಕಳೆದ ವಾರ ಗಾಳಿಗೆ ಕಂಬ ಬಿದ್ದು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಆರು ಗಂಟೆ ಕಾಲ ಕರೆಂಟು ಇರಲಿಲ್ಲ. ಬಂದಾಗ ಮೂಡ್ಲಗಿರಿಯಪ್ಪ ಅಭ್ಯಾಸಬಲದಿಂದ ಏರಿ ಹತ್ತಿದ. ಹಸಿರು ದೀಪ ಉರಿಯುತ್ತಿತ್ತು. ಬುದ್ಧಿ ಬಂದಿದೆ ಎಂದುಕೊಂಡು ಇಳಿದುಹೋದ.

ಕಾರ್ತಿಕದ ಕೊನೆಗೆ ಸಂಘದ ಗುಮಾಸ್ತ ಪೆಟ್ಟಿಗೆಯ ದಾಖಲೆಯನ್ನು ಇಳಿಸಿಕೊಂಡು ಬಂದು ಹಾಳೆಗಳನ್ನು ಮುದ್ರಿಸಿ ಹಂಚಿದ. ಊರಿನ ಗದ್ದೆಬಯಲಿಗೆ ಐದು ಸರದಿ. ಒಂದು ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ ಒಂದು ಮನೆತನದ ನೀರು. ಮೊದಲ ಸರದಿ ಮೇಷ್ಟ್ರ ಮನೆಯದು. ನಾಲ್ಕನೆಯದು ಚಿಕ್ಕೀರಣ್ಣನದು. ಕೊನೆಯದು ಕಾಲುವೆಯ ಬಾಲದಲ್ಲಿರುವ, ಗಂಡ ತೀರಿಕೊಂಡ ಮೇಲೆ ಒಬ್ಬಳೇ ಗದ್ದೆ ಮಾಡುತ್ತಿದ್ದ ಗಂಗಹನುಮಕ್ಕನದು. ಒಂದೊಂದು ಹಾಳೆಯಲ್ಲೂ ಆ ಮನೆಯ ಸರದಿಯಲ್ಲಿ ಯಾವ ಯಾವ ಮಡೆ ಹರಿಯಿತು ಎಂದು ಬರೆದಿತ್ತು.

ಚಿಕ್ಕೀರಣ್ಣ ತನ್ನ ಹಾಳೆ ಎತ್ತಿ ಹಿಡಿದ. “ನನ್ ಸರದೀಲಿ, ಸರೊತ್ತಿನಿಂದ ಬೆಳ್ಗಾಗೋಗಂಟ, ಕೊನೇ ಮಡೆ ಹರ್ದೈತೆ. ಒಂದಿನ ಅಲ್ಲ, ಪ್ರತಿ ಸರದೀಲೂ. ತೂಬಿನ ಕೀಲಿ ಇರೋದು ಒಬ್ನತ್ರ.”

ಎಲ್ಲರೂ ಮೂಡ್ಲಗಿರಿಯಪ್ಪನ ಕಡೆ ತಿರುಗಿದರು. ತೂಬನ್ನು ಏರಿಸಿ ಇಳಿಸುವ ಆ ಮೊಣಕೈಯುದ್ದದ ಕಬ್ಬಿಣದ ಕೀಲಿ ಏಳು ತಲೆಮಾರಿನಿಂದ ಅವನ ಮನೆಯಲ್ಲಿತ್ತು. ನೀರು ಬಿಡುವ ದಿನಗಳಲ್ಲಿ ಅವನು ಮಲಗುತ್ತಿದ್ದದ್ದು ಏರಿಯ ಮೇಲಿನ ಗುಡಿಸಲಲ್ಲಿ, ಒಬ್ಬನೇ.

“ನಾನು ಬುಟ್ಟಿಲ್ಲ,” ಎಂದ.

“ಪೆಟ್ಟಿಗೆಗೆ ನಿನ್ನ ಮೇಲೇನಪ್ಪ ಹಗೆ?” ಎಂದರು ಮೇಷ್ಟ್ರು, ನಿಧಾನವಾಗಿ.

“ಹಗೆ ಪೆಟ್ಟಿಗೇದಲ್ಲ ಮೇಷ್ಟ್ರೇ, ಪಿರೂತಿ ಇವ್ನುದು,” ಎಂದು ಹಿಂದಿನಿಂದ ಯಾರೋ ಅಂದರು. ನಗು ಎದ್ದಿತು. ಗಂಗಹನುಮಕ್ಕ ತನ್ನ ಹಾಳೆಯನ್ನು ನಾಲ್ಕಾಗಿ ಮಡಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಎದ್ದುಹೋದಳು. ತಪ್ಪು ಒಪ್ಪಿಕೊಂಡಂತೆಯೇ ಆಯಿತು ಎಂದರು ನೆರೆದವರು.

ಅವಳ ಮುಂದಿನ ಎರಡು ಸರದಿಯಲ್ಲಿ ಅರ್ಧ ನೀರು ಚಿಕ್ಕೀರಣ್ಣನಿಗೆ ಎಂದು ತೀರ್ಮಾನವಾಯಿತು. ಮೂಡ್ಲಗಿರಿಯಪ್ಪನ ಕೀಲಿ ಕಿತ್ತುಕೊಳ್ಳಲು ಮಾತ್ರ ಒಂದು ವಿಧಿಯಿತ್ತು: ದಾಖಲೆ ನಿಜವಾದದ್ದು ಎಂದು ಪೆಟ್ಟಿಗೆ ನೋಡಿಕೊಳ್ಳುವವರ ಸಹಿ ಬೇಕು. ಐದೂ ಹಾಳೆಗಳ ಪ್ರತಿ ನಸೀಮಾಳಿಗೆ ಹೋಯಿತು. ಸಹಿ ಬರುವವರೆಗೆ ಕೀಲಿ ಮೇಷ್ಟ್ರ ಬೀರುವಿನಲ್ಲಿ. ಸಹಿ ಬಿದ್ದರೆ ಮೂಡ್ಲಗಿರಿಯಪ್ಪ ಕಳ್ಳ ನೀರುಗಂಟಿ ಎಂದು ಸರ್ಕಾರದ ಪಟ್ಟಿಯಲ್ಲೂ ಸೇರುತ್ತಿದ್ದ.

ಅಂದಿನಿಂದ ಊರಿನ ಗಾಳಿಯೇ ಬೇರೆಯಾಯಿತು. ಚಿಕ್ಕೀರಣ್ಣ ಕೊನೆಯ ಮಡೆಯ ಹತ್ತಿರ ನಾಯಿ ಕಟ್ಟಿದ. ಎರಡನೆಯ ಸರದಿಯವರು ಮೂರನೆಯ ಸರದಿಯವರ ಮನೆಯ ಮದುವೆಗೆ ಹೋಗಲಿಲ್ಲ. ಏರಿಯ ಮೇಲೆ ಇಬ್ಬರು ಎದುರಾದರೆ ಮೊದಲಿನಂತೆ ಮುಖ ನೋಡಿಕೊಳ್ಳದೆ ಒಬ್ಬರ ಕೈಯನ್ನೊಬ್ಬರು ನೋಡುತ್ತಿದ್ದರು. ಗುಡಿಯಲ್ಲಿ ಪ್ರಸಾದಕ್ಕೆ ಕೈ ಚಾಚಿದಾಗಲೂ ಯಾರ ಅಂಗೈಗೆ ಎಷ್ಟು ಬಿತ್ತು ಎಂದು ಕಣ್ಣು ಹೋಗುತ್ತಿತ್ತು.

ಮೂಡ್ಲಗಿರಿಯಪ್ಪನ ಹೆಂಡತಿ ಓಬಮ್ಮ ಮೂರು ದಿನ ಅವನ ಮುಂದೆ ತಟ್ಟೆ ಇಟ್ಟು ಒಳಗೆ ಹೋಗುತ್ತಿದ್ದಳು. ನಾಲ್ಕನೆಯ ದಿನ ಮುದ್ದೆ ಇಟ್ಟು, ಸಾರು ಬಿಟ್ಟು, ಎದುರಿಗೆ ಕೂತಳು.

“ನಲವತ್ತೊರ್ಸ ಬಾಳೀವ್ನಿ ನಿನ್ ಜತೆ. ಒಂದ್ ಮಾತು ಕೇಳ್ತೀನಿ, ದೇವ್ರ ಮುಂದೆ ಹೇಳ್ದಂಗೆ ಹೇಳು.”

“ಕೇಳು.”

“ಆಯಮ್ಮನ ಗದ್ದೆತಾಕೆ ಸರೊತ್ನಾಗೆ ಹೋಗಿದ್ದ?”

“ಇಲ್ಲ.”

“ಪೆಟ್ಟಿಗೆ ಯಾಕ್ ಹಂಗ್ ಹೇಳ್ತದೆ ಮತ್ತೆ?”

“ಅದುನ್ನೇ ಹೋಗಿ ಕೇಳು.”

“ಅದುಕ್ಕೆ ಗಂಡ ಇಲ್ಲ, ಹೆಂಡ್ತಿ ಇಲ್ಲ. ಸುಳ್ಳೇಳಿ ಏನು ಬರ್ಬೇಕು ಅದುಕ್ಕೆ?”

ಅವನು ಅರ್ಧ ಮುದ್ದೆ ಬಿಟ್ಟು ಕೈ ತೊಳೆದುಕೊಂಡ. ಹೊರಗೆ ಹೋದ ಮೇಲೆ ಓಬಮ್ಮ ಬಾಗಿಲ ಮೂಲೆಯಲ್ಲಿದ್ದ ಅವನ ಚಪ್ಪಲಿಯನ್ನು ಮಗುಚಿ ಕೆಸರು ನೋಡಿದಳು. ನೀರುಗಂಟಿಯ ಕಾಲಲ್ಲಿ ಕೆಸರಿಲ್ಲದ ದಿನ ಯಾವುದು? ಅದು ಅವಳಿಗೂ ಗೊತ್ತಿತ್ತು. ಆದರೂ ನೋಡಿದಳು. ಮರುದಿನವೂ ನೋಡಿದಳು.

ನಸೀಮಾ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ಮೊದಲಿಗೆ ಅವಳಿಗೂ ಮುದುಕನ ಮೇಲೆಯೇ ಅನುಮಾನ ಬಂತು. ಫೈಲ್ ವ್ಯವಸ್ಥೆ ಸರಿಯಾಗಿತ್ತು. ಒಂದು ಪುಟವೂ ಕೆಟ್ಟಿರಲಿಲ್ಲ, ಒಂದು ಸಾಲೂ ತಿದ್ದುಪಡಿಯಾಗಿರಲಿಲ್ಲ. ಸಹಿ ಹಾಕಲು ಏನೂ ಅಡ್ಡಿಯಿರಲಿಲ್ಲ. ನಗುತ್ತ ಮಾತಾಡಿದ ಮನುಷ್ಯ, ಆದರೆ ಮನುಷ್ಯರ ಒಳಗನ್ನು ಕಂಡವರು ಯಾರು ಎಂದುಕೊಂಡು ಪೆನ್ನು ತೆಗೆದಳು.

ಸಹಿಗೆ ಮುಂಚೆ ಐದೂ ಹಾಳೆಗಳನ್ನು ಒಟ್ಟಿಗೆ ಓದಬೇಕಿತ್ತು. ಊರಿನಲ್ಲಿ ಯಾರೂ ಹಾಗೆ ಓದಿರಲಿಲ್ಲ. ಒಬ್ಬೊಬ್ಬರೂ ತಮ್ಮ ಮನೆಯ ಹಾಳೆಯನ್ನಷ್ಟೇ ನೋಡಿದ್ದರು. ನಾಲ್ಕನೆಯವನ ಸರದಿಯಲ್ಲಿ ಐದನೆಯವಳು ಆರು ಗಂಟೆ ನೀರು ಕದ್ದಿದ್ದಳು. ಮೂರನೆಯವರ ಸರದಿಯಲ್ಲಿ ನಾಲ್ಕನೆಯವನು, ಅಂದರೆ ಚಿಕ್ಕೀರಣ್ಣನೇ, ಆರು ಗಂಟೆ ಕದ್ದಿದ್ದ. ಎರಡನೆಯವರಿಂದ ಮೂರನೆಯವರು. ಮೊದಲನೆಯವರಿಂದ ಎರಡನೆಯವರು. ಗಂಗಹನುಮಕ್ಕನ ಸರದಿಯಲ್ಲಿ ಆರು ಗಂಟೆ ಕದ್ದದ್ದು ಮೇಷ್ಟ್ರ ಮಡೆ.

ಒಬ್ಬರ ಸೆರಗನ್ನು ಒಬ್ಬರು ಹಿಡಿದು ಸುತ್ತುವ ಮಕ್ಕಳಂತೆ ಐದು ಕಳ್ಳತನಗಳೂ ಕೆರೆಯ ಸುತ್ತ ಒಂದು ಬಳೆಯಾಗಿದ್ದವು. ಎಲ್ಲ ಕಳ್ಳರೂ ಕದ್ದದ್ದು ಸರಿಯಾಗಿ ಆರಾರು ಗಂಟೆ, ಅದೂ ಸರೊತ್ತಿನಿಂದ, ಅಂದರೆ ರಾತ್ರಿ ಹನ್ನೆರಡರಿಂದ, ಬೆಳಗಿನ ಆರರವರೆಗೆ, ನೋಡಲು ಯಾರೂ ಎದ್ದಿರದ ಹೊತ್ತಿನಲ್ಲಿ. ನಸೀಮಾ ಪೆನ್ನಿನ ಮುಚ್ಚಳ ಹಾಕಿದಳು. ಇಷ್ಟು ಅಚ್ಚುಕಟ್ಟಾಗಿ ಮನುಷ್ಯರು ಕದಿಯುವುದಿಲ್ಲ.

ಹಾಳೆಗಳನ್ನು ಮನೆಗೆ ಒಯ್ದಳು. ಹಜಾರದಲ್ಲಿ ಅವಳ ತಾಯಿ ಹಾಜಿರಾಬಿ ಹುಣಸೆಹಣ್ಣಿನ ಬೀಜ ತೆಗೆಯುತ್ತ ಗೋಡೆಗೊರಗಿ ನಿದ್ದೆಹೋಗಿದ್ದರು. ಸಂಜೆ ಐದರ ಬೆಳಕು ಕಿಟಕಿಯಿಂದ ಓರೆಯಾಗಿ ಬೀಳುತ್ತಿತ್ತು. ಪಾತ್ರೆಯ ಸದ್ದಿಗೆ ಅವರು ಬೆಚ್ಚಿ ಎದ್ದರು.

“ಬೆಳಗಾಯ್ತೇನೆ? ಇಷ್ಟು ಬಿಸಿಲು ಬಂದಿದೆ, ಇನ್ನೂ ಕೆಲಸಕ್ಕೆ ಹೋಗಿಲ್ವಾ ನೀನು?”

“ಸಂಜೆ ಅಮ್ಮಿ. ನೀವು ಮಲಗಿ ಎದ್ದದ್ದು.”

“ಅಲ್ಲಾಹ್. ಅದೆಷ್ಟು ಹೊತ್ತು ಮಲಗಿಬಿಟ್ಟೆ?”

ನಸೀಮಾ ಸೌಟು ಹಿಡಿದುಕೊಂಡೇ ನಿಂತಳು. ಪೆಟ್ಟಿಗೆ ಈ ಪ್ರಶ್ನೆಯನ್ನು ಕೇಳಿರಲಿಲ್ಲ. ಕೇಳಬಾರದು ಎಂದು ಅವಳೇ ಬರೆದಿದ್ದಳು. ಆರು ಗಂಟೆ ಮಲಗಿ ಎದ್ದ ಪೆಟ್ಟಿಗೆ, ತಾನು ಮಲಗಿಯೇ ಇಲ್ಲವೆಂದು ತಿಳಿದು, ಅಂದಿನಿಂದ ಬೆಳಗಿನ ಆರನ್ನು ಸರೊತ್ತು ಎಂದು ಬರೆಯುತ್ತಿತ್ತು. ಒಬ್ಬರ ಸರದಿಯ ಮೊದಲ ನೀರು ಹಿಂದಿನವರ ಸರದಿಯಲ್ಲಿ ಬಿದ್ದಿತ್ತು. ಅಂಗಡಿಯ ಮೇಜಿನ ಮೇಲೆ ಅವಳು ಪಿನ್ನು ಕಿತ್ತಿದ್ದು ಎರಡು ಕ್ಷಣ ಮಾತ್ರ. ಎರಡು ಕ್ಷಣದ ತಪ್ಪು ಯಾರ ಕಣ್ಣಿಗೆ ಬೀಳುತ್ತದೆ?

ರಾತ್ರಿ ಊಟದ ಹೊತ್ತಿಗೆ ಹಾಜಿರಾಬಿ ಮಗಳ ಮುಖ ನೋಡಿ ಕಾರಣ ಕೇಳಿ ತಿಳಿದುಕೊಂಡರು.

“ಸುಮ್ಮನೆ ಸರಿ ಮಾಡಿ ಬಂದುಬಿಟ್ರೆ ಯಾರಿಗೂ ತಿಳಿಯಲ್ಲ ಅಮ್ಮಿ. ಹನ್ನೊಂದು ಕೆರೇಲೂ ಇದೇ ಮೂರು ಸಾಲು ಹಾಕಿದೀನಿ. ಹೇಳಿದ್ರೆ ಗುತ್ತಿಗೆ ಹೋಗುತ್ತೆ.”

“ಆ ಮುದುಕನ ಹೆಸರು?”

“ಹೇಳದೆ ಇದ್ರೆ ಅದು ಹೋಗುತ್ತೆ.”

ಹಾಜಿರಾಬಿ ತಟ್ಟೆಯ ಅನ್ನವನ್ನು ಒಟ್ಟುಮಾಡಿದರು. “ನಿನ್ನ ಗುತ್ತಿಗೆ ಇನ್ನೊಂದು ಸಿಗಬಹುದು,” ಎಂದರು ಅಷ್ಟೇ.

ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಏರಿಯ ಮೇಲೆ ಊರು ಸೇರಿತು. ಗಂಗಹನುಮಕ್ಕ ಬಂದಿರಲಿಲ್ಲ. ನಸೀಮಾ ಪೆಟ್ಟಿಗೆಗೆ ಲ್ಯಾಪ್‌ಟಾಪ್ ಜೋಡಿಸಿ, ತಪ್ಪು ಮೂಡ್ಲಗಿರಿಯಪ್ಪನದಲ್ಲ, ಪೆಟ್ಟಿಗೆಯದ್ದೂ ಅಲ್ಲ, ತನ್ನದು ಎಂದು ಹೇಳಿದಳು. ಪೆಟ್ಟಿಗೆಯ ಪ್ರಕಾರ ಈಗ ಬೆಳಗಿನ ಐದು ಗಂಟೆ ಹತ್ತು ನಿಮಿಷ ಎಂದು ತೋರಿಸಿದಳು.

ಚಿಕ್ಕೀರಣ್ಣ ಬಗ್ಗಿ ನೋಡಿ ಎದ್ದುನಿಂತ. “ಈಗ್ಲೇ ತಿದ್ದಿ ತೋರಿಸ್ತಾವ್ಳೆ. ಈಯಮ್ಮುಂಗೂ ಆ ಮುದ್ಕುಂಗೂ ಬಸ್‌ಸ್ಟ್ಯಾಂಡ್ನಾಗೆ ಮಾತುಕತೆ ಆಗೈತೆ.”

“ನಾನು ಅವರನ್ನ ಆಷಾಢದಿಂದ ನೋಡಿಲ್ಲ.”

“ನೋಡಿಲ್ಲ ಅನ್ನೋಕೆ ಸಾಕ್ಷಿ?”

ಸಾಕ್ಷಿ ಹೇಳಬೇಕಾದ್ದು ಪೆಟ್ಟಿಗೆಯೇ. ಅದೇ ಈಗ ಕಟಕಟೆಯಲ್ಲಿತ್ತು. ಅನುಮಾನ ಒಂದು ಹೆಗಲಿನಿಂದ ಇಳಿದು ಇನ್ನೊಂದು ಹೆಗಲೇರಿದ್ದನ್ನು ನಸೀಮಾ ಎಲ್ಲರ ಕಣ್ಣಲ್ಲಿ ಕಂಡಳು.

“ಹಾಗಾದ್ರೆ ನೀವೇ ಕರೆಂಟು ತೆಗೀರಿ ಅಣ್ಣ,” ಎಂದಳು. “ನಿಮಗೆ ಬೇಕಾದಷ್ಟು ಹೊತ್ತು ಬಿಡಿ. ಆಮೇಲೆ ನೀವೇ ಹಾಕಿ, ನೀವೇ ಓದಿ. ನಾನು ದೂರ ನಿಲ್ತೀನಿ.”

“ಮೊಬೈಲ್ನಾಗೆ ಹೊತ್ತು ನೋಡಂಗಿಲ್ಲ. ಅದೂ ನಿಮ್ ಪೈಕೀದೇ,” ಎಂದ ಚಿಕ್ಕೀರಣ್ಣ. “ಗುಡೀಲಿ ಗಳಿಗೆ ಬಟ್ಲೈತಲ್ಲ, ತರ್ಸಿ.”

ಮುಹೂರ್ತಕ್ಕೆ ಬಳಸುವ ತಾಮ್ರದ ಬಟ್ಟಲು ಬಂತು. ತಳದಲ್ಲಿ ಸೂಜಿಮೊನೆಯಷ್ಟು ತೂತು. ನೀರಿನ ಮೇಲೆ ತೇಲಬಿಟ್ಟರೆ ತುಂಬಿ ಮುಳುಗುವುದಕ್ಕೆ ಒಂದು ಗಳಿಗೆ, ಅಂದರೆ ಇಪ್ಪತ್ನಾಲ್ಕು ನಿಮಿಷ. ಕೊಪ್ಪರಿಗೆಯಲ್ಲಿ ಕೆರೆಯ ನೀರು ತುಂಬಿದರು. ಚಿಕ್ಕೀರಣ್ಣ ಪರದೆಯ ಮೇಲೆ ಐದೂವರೆ ಎಂದಿದ್ದುದನ್ನು ಎಲ್ಲರಿಗೂ ಕೇಳುವಂತೆ ಓದಿ ಪಿನ್ನು ಕಿತ್ತ. ಮೇಷ್ಟ್ರು ಬಟ್ಟಲು ಬಿಟ್ಟರು. ಹಸಿರು ದೀಪ ಆರಿತು.

ಊರಿಗೆ ಊರೇ ಒಂದು ಬಟ್ಟಲನ್ನು ನೋಡುತ್ತ ನಿಂತಿತು. ಬಟ್ಟಲಿನೊಳಗೆ ನೀರು ಮೇಲೇರುವುದು ಕಣ್ಣಿಗೆ ಕಾಣುತ್ತಿರಲಿಲ್ಲ. ಏರಿದ್ದು ಮಾತ್ರ ಕಾಣುತ್ತಿತ್ತು. ದೇವರು ಲೋಕದ ಹೊತ್ತನ್ನು ಹೀಗೇ ನಡೆಸುತ್ತಾನೇನೋ, ಮಲಗಿದವರನ್ನೂ ಎದ್ದವರನ್ನೂ ಒಂದೇ ಸಮನಾಗಿ ಹೊತ್ತುಕೊಂಡು. ಓಬಮ್ಮ ಹೆಂಗಸರ ಗುಂಪಿನ ತುದಿಯಲ್ಲಿ ಕೂತಿದ್ದಳು. ಅವಳು ಬಟ್ಟಲನ್ನು ನೋಡಲಿಲ್ಲ. ಗಂಡನ ಕಾಲುಗಳನ್ನು ನೋಡುತ್ತಿದ್ದಳು. ಕೀಲಿ ಹೋದಂದಿನಿಂದ ಅವು ಒಣಗಿ ಬಿಳಿಚಿದ್ದವು.

ಬಟ್ಟಲು ಓರೆಯಾಗಿ, ಒಂದು ಗುಳ್ಳೆ ಬಿಟ್ಟು, ಮುಳುಗಿತು.

ಚಿಕ್ಕೀರಣ್ಣ ಪಿನ್ನು ಸಿಕ್ಕಿಸಿದ. ಹಸಿರು ದೀಪ ಹತ್ತಿತು. ಪರದೆಯ ಮೇಲೆ ಬೆರಳಿಟ್ಟು ಓದಿದ. ಮತ್ತೊಮ್ಮೆ ಓದಿದ.

“ಐದೂವರೆ,” ಎಂದ. ದನಿ ಇಳಿದಿತ್ತು. “ಒಂದ್ ನಿಮ್ಷನೂ ಮುಂದಕ್ಕೋಗಿಲ್ಲ.”

ಮೇಷ್ಟ್ರು ತಮ್ಮ ಸೀಸದಕಡ್ಡಿ ತೆಗೆದು ಐದೂ ಹಾಳೆಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಆರಾರು ಗಂಟೆ ಕೂಡಿಸುತ್ತ ಹೋದರು. ಒಂದೊಂದೇ ಕಳ್ಳತನ ಅಳಿಸಿಹೋಯಿತು. ಕೊನೆಯ ಹಾಳೆಯಲ್ಲಿ ಅವರ ಕೈ ನಿಂತಿತು.

“ಗಂಗಹನುಮಕ್ಕನ ಹಾಳೇಲಿ ನನ್ನ ಮಡೆ ಹೆಸರು ಇತ್ತು.”

“ಇತ್ತು ಮೇಷ್ಟ್ರೇ,” ಎಂದಳು ನಸೀಮಾ. “ಐದೂ ಮನೆ ಹೆಸರೂ ಇತ್ತು. ನೀರು ಕಿತ್ತದ್ದು ಮಾತ್ರ ಒಂದು ಮನೇದು.”

ಅವಳು ಅಲ್ಲೇ ಕೂತು ಆ ಮೂರು ಸಾಲುಗಳನ್ನು ಅಳಿಸಿದಳು. ನೆನಪಿನ ಪದರ ಹಾಗೇ ಉಳಿಯಿತು. ಇನ್ನು ಎಚ್ಚರವಾದಾಗ ಅದು ಮನುಷ್ಯರನ್ನು ಕೇಳಬೇಕು. ನಾಳೆಯಿಂದ ಉಳಿದ ಹತ್ತು ಊರುಗಳಿಗೆ ಹೋಗಬೇಕಿತ್ತು. ಅಲ್ಲಿ ಎಷ್ಟೆಷ್ಟು ಹೊತ್ತು ಕರೆಂಟು ಹೋಗಿತ್ತೋ, ಯಾರು ಯಾರ ಮನೆಗೆ ಹೋಗುವುದನ್ನು ಬಿಟ್ಟಿದ್ದರೋ ಎಂದು ನೆನೆಯುತ್ತ ಲ್ಯಾಪ್‌ಟಾಪ್ ಮುಚ್ಚಿದಳು.

ಮೇಷ್ಟ್ರು ಮನೆಯಿಂದ ಕೀಲಿ ತರಿಸಿ ಎರಡೂ ಕೈಯಲ್ಲಿ ಹಿಡಿದು ಚಾಚಿದರು. ಮೂಡ್ಲಗಿರಿಯಪ್ಪ ಕೈ ಮುಂದೆ ಮಾಡಲಿಲ್ಲ.

“ಆಯಮ್ಮುಂಗೆ ಯಾರು ಹೇಳ್ತೀರಿ?” ಎಂದ. “ಮೊದ್ಲು ಅಲ್ಲೀಗ್ ಹೋಗ್ಬನ್ನಿ.”

ಚಿಕ್ಕೀರಣ್ಣ ನಾಯಿಯ ಹಗ್ಗ ಹುಡುಕುವವನಂತೆ ತಲೆ ತಗ್ಗಿಸಿದ. ಹೆಂಗಸರ ಗುಂಪಿನಿಂದ ಓಬಮ್ಮ ಎದ್ದಳು.

“ನಾನೋಗ್ತೀನಿ,” ಎಂದಳು. ಅವಳು ಏರಿ ಇಳಿದು ಬದುವಿನ ಮೇಲೆ ನಡೆಯುವುದನ್ನು ನೋಡಿದ ಮೇಲೆ ಮೂಡ್ಲಗಿರಿಯಪ್ಪ ಕೀಲಿ ತೆಗೆದುಕೊಂಡ.

ಗಂಗಹನುಮಕ್ಕ ಮನೆ ಮುಂದೆ ಕೂತು ಒಂದು ಹಿಡಿ ತೆನೆ ಉಜ್ಜಿ ಮೊರದಲ್ಲಿ ಕೇರುತ್ತಿದ್ದಳು. ಹಾಲುಗಾಳು ಕಟ್ಟುವ ಹೊತ್ತಿನಲ್ಲಿ ಎರಡು ಸರದಿ ಅರ್ಧ ನೀರು ಕಂಡ ಗದ್ದೆ. ಜೊಳ್ಳೇ ಹೆಚ್ಚು ಹಾರುತ್ತಿತ್ತು. ಓಬಮ್ಮ ಅಂಗಳದಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದಳು. ಗಂಗಹನುಮಕ್ಕ ಮೊರ ನಿಲ್ಲಿಸದೆ ಕೇಳಿದಳು.

“ಅಂಗಾರೆ, ಪೆಟ್ಟಿಗೆ ತಪ್ಪೇಳ್ತು ಅಂತ ಗೊತ್ತಾದ್ಮೇಲೆ ಬಂದೆ ನೀನು.”

ಓಬಮ್ಮನಿಗೆ ಬೇರೆ ಮಾತು ಹೊಳೆಯದೆ ಇರಲಿಲ್ಲ. ಎರಡು ಮೂರು ಹೊಳೆದವು.

“ಊಂ. ಅದು ಗೊತ್ತಾಗ್ದೆ ಇದ್ದಿದ್ರೆ ಬತ್ತಿರ್ಲಿಲ್ಲ.”

“ಗಂಡ ಹೇಳಿದ್ದ ನಂಬ್ಲಿಲ್ವ?”

“ನಂಬ್ಲಿಲ್ಲ. ಚಪ್ಲಿ ಮಗುಚಿ ಕೆಸರು ನೋಡ್ತಿದ್ದೆ.”

ಗಂಗಹನುಮಕ್ಕ ಮೊರ ಕೆಳಗಿಟ್ಟಳು. ಸೆರಗಿನ ಗಂಟು ಬಿಚ್ಚಿ, ನಾಲ್ಕಾಗಿ ಮಡಿಸಿದ್ದ ಹಾಳೆಯನ್ನು ತೆಗೆದು ನೆಲದ ಮೇಲೆ ಹಾಕಿದಳು.

“ನಾನೂ ನಂಬಿರ್ಲಿಲ್ಲ ಕಣವ್ವ. ಇದ್ರಲ್ಲಿ ಮೇಷ್ಟ್ರ ಮಡೆ ಬರ್ದಿತ್ತಲ್ಲ. ನನ್ ನೀರ್ನ ಅವ್ರಿಗೆ ತಿರುಗ್ಸಿ, ಮೇಲೆ ನನ್ನೇ ಕಳ್ಳಿ ಮಾಡ್ದ ನಿನ್ ಗಂಡ ಅಂತ, ಈ ಇಪ್ಪತ್ತು ದಿನ ಎದ್ದೇಟಿಗೆ ಅವ್ನಿಗೆ ಶಾಪ ಹಾಕೇ ಮೊಕ ತೊಳೀತಿದ್ದೆ.”

ಇಬ್ಬರೂ ಆ ಹಾಳೆಯನ್ನು ನೋಡಿದರು. ಗಾಳಿಗೆ ಅದರ ಮೇಲೆ ಜೊಳ್ಳು ಬಂದು ಬೀಳುತ್ತಿತ್ತು.

“ಅವ್ನಿಗೆ ಹೇಳ್ಬ್ಯಾಡ,” ಎಂದಳು ಗಂಗಹನುಮಕ್ಕ.

“ಇಲ್ಲ. ನೀನೂ ಚಪ್ಲಿ ಮಾತು ಹೇಳ್ಬ್ಯಾಡ.”

ಗಂಗಹನುಮಕ್ಕ ಜಗಲಿಯ ಮೇಲೆ ಒಂದಿಷ್ಟು ಸರಿದಳು. ಓಬಮ್ಮ ಕೂತು, ಮೊರದ ಇನ್ನೊಂದು ಅಂಚನ್ನು ತನ್ನ ಕಡೆ ಎಳೆದುಕೊಂಡು, ಜೊಳ್ಳಿನೊಳಗಿಂದ ಗಟ್ಟಿ ಕಾಳು ಆರಿಸತೊಡಗಿದಳು.